ಮೊದಲ ನಷ್ಟ ಯಾರದು?

ಕೇಳುಗರಿಗೆ ನಮಸ್ಕಾರ.

ಕೈಗಾರಿಕೆ ಬೆಳೆಸಬೇಕಾದ್ದು ಸರ್ಕಾರವೋ ಖಾಸಗಿಯವರೋ, ಅದರ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಬೇಜಾರು ಮಾಡಿಕೊಳ್ಳಬೇಡಿ, ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ನಾನು ಬೇರೆಯದನ್ನೇ ಕೇಳುತ್ತೇನೆ. ಊರಿಗೆ ಹೊಸದಾದ ಕಾರ್ಖಾನೆ ಮೊದಲ ಕೆಲವು ವರ್ಷ ಕೈ ಕಚ್ಚುತ್ತದೆ. ಆ ಮೊದಲ ನಷ್ಟ ಹೊರುವವರು ಯಾರು? ಇಷ್ಟೇ ನನ್ನ ಪ್ರಶ್ನೆ.

ಶಿಡ್ಲಘಟ್ಟ, ರಾಮನಗರದ ಕಡೆ ಗೂಡು ಬೇಯಿಸಿ ನೂಲು ಬಿಚ್ಚುತ್ತಾ ರೇಡಿಯೊ ಹಾಕಿಕೊಂಡಿದ್ದೀರಾ? ಹಾಗಿದ್ದರೆ ಈ ಕಥೆ ನಿಮಗೇ. ಇದು ಜಪಾನಿನದು.

1860ರ ದಶಕ. ಯುರೋಪಿನಲ್ಲಿ ರೇಷ್ಮೆ ಹುಳುವಿಗೆ ಗಂಟು ರೋಗ ಬಡಿದಿತ್ತು. ಅಲ್ಲಿನ ವ್ಯಾಪಾರಿಗಳು ಜಪಾನಿನ ರೇಷ್ಮೆಗೆ ಮುಗಿಬಿದ್ದರು. ಬೇಡಿಕೆ ಜಾಸ್ತಿ ಆದಾಗ ಏನಾಗುತ್ತೆ ಅಂತ ನಿಮಗೆ ಗೊತ್ತಲ್ಲ, ಅವಸರದ ಕೆಲಸ. ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು. ದೂರು ಬಂತು, ಹೆಸರು ಕೆಟ್ಟಿತು. ಹಬೆಯಿಂದ ನಡೆಯುವ ಫ್ರೆಂಚ್ ಯಂತ್ರ ತಂದರೆ ಸರಿಹೋಗುತ್ತಿತ್ತು. ಆದರೆ ಅಷ್ಟು ದುಡ್ಡು ಹಾಕಿ ಕೈ ಸುಟ್ಟುಕೊಳ್ಳಲು ಯಾವ ವ್ಯಾಪಾರಿ ಮುಂದೆ ಬರುತ್ತಾನೆ? ಕೊನೆಗೆ ಸರ್ಕಾರವೇ ಬಂತು. 1872ರಲ್ಲಿ ಗುನ್ಮಾ ಸೀಮೆಯ ತೊಮಿಯೋಕಾದಲ್ಲಿ ಇಟ್ಟಿಗೆ ಕಟ್ಟಡ ಎದ್ದಿತು. ಗೂಡು ಬೇಯಿಸಿ ನೂಲು ಬಿಚ್ಚಲು ಒಟ್ಟು 300 ಬಾಣಲೆ. ಕೆಲಸ ಹೇಳಿಕೊಡಲು ಪೋಲ್ ಬ್ರುನಾ ಅನ್ನುವ ಫ್ರೆಂಚ್ ತಜ್ಞ, ಅವನ ಜೊತೆ ಆ ದೇಶದ ಹೆಂಗಸರು.

ಎಲ್ಲಾ ಬಂತು, ಕೆಲಸಕ್ಕೆ ಹುಡುಗಿಯರೇ ಬರಲಿಲ್ಲ! ಯಾಕೆ ಗೊತ್ತಾ? ಫ್ರೆಂಚರು ಊಟದ ಜೊತೆ ಕೆಂಪು ದ್ರಾಕ್ಷಾರಸ ಕುಡಿಯುತ್ತಿದ್ದರು. ಅದು ರಕ್ತ ಅಂತ ಸುದ್ದಿ ಹಬ್ಬಿತು. ಅಲ್ಲಿಗೆ ಮಗಳನ್ನು ಕಳಿಸಿದರೆ ಮೈಯ ರಕ್ತ ಹೀರುತ್ತಾರೆ ಅಂತ. ಸರ್ಕಾರ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಆಗ ಕಾರ್ಖಾನೆಯ ಮುಖ್ಯಸ್ಥ ಓದಕಾ ಅತ್ಸುತಾದಾ ಏನು ಮಾಡಿದ? ಹದಿನಾಲ್ಕು ವರ್ಷದ ತನ್ನ ಸ್ವಂತ ಮಗಳು ಯೂಳನ್ನೇ ಮೊದಲ ಕೆಲಸದವಳಾಗಿ ಸೇರಿಸಿದ. ಅವಳನ್ನು ನೋಡಿ ಉಳಿದವರು ಬಂದರು. ಸಮುರಾಯ್ ಮನೆತನದ ಹುಡುಗಿಯರೂ ಬಂದರು. ಈ ಕಥೆ ನಾನು ಎಲ್ಲಿ ಹೋದರೂ ಹೇಳುತ್ತೇನೆ. ನಮ್ಮ ಮನೆಯವರಿಗೆ ಬಾಯಿಪಾಠ ಆಗಿದೆ.

ಸರಿ, ಕಾರ್ಖಾನೆ ಲಾಭ ಮಾಡಿತಾ? ಶುರುವಿನಲ್ಲಿ ಇಲ್ಲ. ಖರ್ಚೇ ಜಾಸ್ತಿ. ಲೆಕ್ಕದ ಪುಸ್ತಕ ಮಾತ್ರ ನೋಡಿದವರು ದಂಡ ಅಂದಿರಬೇಕು. ಆದರೆ ಅಲ್ಲಿ ಕಲಿತ ಹುಡುಗಿಯರು ಊರಿಗೆ ಹೋಗಿ ಬೇರೆಯವರಿಗೆ ಕಲಿಸಿದರು. ವಾದಾ ಎಯಿ ಅನ್ನುವವಳು 1874ರಲ್ಲಿ ತನ್ನೂರು ಮಾತ್ಸುಶಿರೋಗೆ ಮರಳಿ, ಅಲ್ಲಿನ ಖಾಸಗಿ ಕಾರ್ಖಾನೆಯಲ್ಲಿ ಕಲಿಸಲು ನಿಂತಳು. ಸುವಾ ಕಡೆಯ ಜನ ಇನ್ನೂ ಜಾಣರು. ಫ್ರೆಂಚ್ ಯಂತ್ರವನ್ನೇ ನೋಡಿಕೊಂಡು, ಕಬ್ಬಿಣದ ಜಾಗಕ್ಕೆ ಮರ ಹಾಕಿ, ಲೋಹದ ಬಾಣಲೆ ಬಿಟ್ಟು ಮಣ್ಣಿನದು ಇಟ್ಟು, ತೀರಾ ಅಗ್ಗಕ್ಕೆ ತಮ್ಮದೇ ಕಾರ್ಖಾನೆ ಕಟ್ಟಿದರು. ಸರ್ಕಾರ ದುಬಾರಿ ಕೊಟ್ಟು ಕಲಿತ ಪಾಠ ಇವರಿಗೆ ಪುಕ್ಕಟೆ ಸಿಕ್ಕಿತು. 1893ರಲ್ಲಿ ಸರ್ಕಾರ ತೊಮಿಯೋಕಾವನ್ನು ಮಿತ್ಸುಯಿ ಅನ್ನುವ ಖಾಸಗಿ ಕಂಪನಿಗೆ ಮಾರಿತು. ಮಾರಿ ಇಪ್ಪತ್ತು ವರ್ಷ ದಾಟುವ ಹೊತ್ತಿಗೆ ಕಚ್ಚಾ ರೇಷ್ಮೆ ರಫ್ತಿನಲ್ಲಿ ಜಪಾನ್ ಚೀನಾವನ್ನೇ ಹಿಂದೆ ಹಾಕಿತ್ತು.

ಮತ್ತೆ ಕೇಳುತ್ತೇನೆ, ಮೊದಲ ನಷ್ಟ ಯಾರು ಹೊತ್ತರು? ಸರ್ಕಾರ. ಆಮೇಲೆ ದುಡಿದು ಬೆಳೆಸಿದವರು? ಖಾಸಗಿಯವರು. ಇದರಲ್ಲಿ ಜಗಳ ಎಲ್ಲಿದೆ ಹೇಳಿ!

ಗಡಿಯಾರ ಓಡುತ್ತಿದೆ, ನಮ್ಮ ಮೈಸೂರಿನ ಮಾತು ಉಳಿದುಹೋಯಿತು. ಬೇಗ ಹೇಳುತ್ತೇನೆ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದಿದ್ದರು. ದಿವಾನರಾದ ಮೇಲೆ ಬ್ಯಾಂಕು, ಗಂಧದೆಣ್ಣೆ, ಸೋಪು, ಎಲ್ಲದಕ್ಕೂ ಸರ್ಕಾರವನ್ನೇ ಮುಂದೆ ನಿಲ್ಲಿಸಿದರು. ಅದಕ್ಕೂ ಮೊದಲು, 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಗಿತ್ತು. ಅಲ್ಲೂ ನೋಡಿ, ಕರೆಂಟು ಮಾಡಿದ್ದು ಸರ್ಕಾರ, ಕೊಂಡವರು ಖಾಸಗಿ ಗಣಿಯವರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿತು. ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದಿದ್ದ ಕಾಲ. ನಷ್ಟ ಶುರುವಾಯಿತು. ಯಾಕೆ ಬೇಕಿತ್ತು ಇದೆಲ್ಲ ಅಂತ ಜನ ಬೈದರು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಮತ್ತೆ ಬಂದು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕೂತರು, ಸುಮಾರು ಆರು ವರ್ಷ.

ಭದ್ರಾವತಿಯ ಕೇಳುಗರು ಈಗ ಸಿಟ್ಟಾಗಿರಬಹುದು. ರೇಷ್ಮೆಗೆ ಅಷ್ಟು ಹೊತ್ತು, ನಮ್ಮ ಕಬ್ಬಿಣಕ್ಕೆ ಇಷ್ಟೇನಾ ಅಂತ. ತಪ್ಪು ನನ್ನದೇ. ಇನ್ನೊಮ್ಮೆ ಕರೆದರೆ ಅಲ್ಲಿಂದಲೇ ಶುರು ಮಾಡುತ್ತೇನೆ. ನಮಸ್ಕಾರ.