ಎತ್ತು ತಂದ್ರಿ, ಮೇವು ಎಲ್ಲೈತಿ?

ಎಲ್ಲಾರಿಗೂ ನಮಸ್ಕಾರ್ರಿ. ಇವತ್ತಿನ ವಿಷಯಕ್ಕ ನಿಲಯದವರು ಇಟ್ಟ ಹೆಸರು ಭಾಳ ಉದ್ದ ಐತಿ, ಗಡಿ ದಾಟುವ ತ್ಯಾಜ್ಯನೀರಿನ ಸಂಸ್ಕರಣೆ, ಪ್ರವಾಹ ನಿಯಂತ್ರಣ, ಅದಕ್ಕೆ ಹಣಕಾಸು ಅಂತ. ಅಷ್ಟು ಕೇಳಿ ರೇಡಿಯೋ ಬಂದ್ ಮಾಡಬ್ಯಾಡ್ರಿ ಮತ್ತ. ನಾ ಸರ್ವಿಸ್ ಪೂರ್ತಿ ಗಟಾರ, ಪಂಪು, ಹೂಳು ಇದರಾಗ ಕಳದಾಂವ, ನನಗ ಗೊತ್ತಿರೂದು ಒಂದ ಮಾತು. ಎತ್ತು ಕೊಳ್ಳಾಕ ಎಲ್ಲಾರೂ ರೊಕ್ಕ ತಗೀತಾರ, ಮೇವಿಗೆ ಯಾರೂ ತಗಿಯೂದಿಲ್ಲ. ಹೊಲಸು ನೀರು ತೊಳಿಯೂ ಪ್ಲಾಂಟ್ ಕಟ್ಟೂದು ಎತ್ತು ತಂದಂಗ, ಅದನ್ನ ದಿನಾ ನಡಸೂದು ಮೇವು ಹಾಕಿದಂಗ. ಇಷ್ಟ.

ನಮ್ಮ ಬೆಣ್ಣಿಹಳ್ಳಾನ ನೋಡ್ರಿ. ಹಾವೇರಿ ಜಿಲ್ಲಾ ಶಿಗ್ಗಾಂವಿ ಸೀಮಿದಾಗ ಹುಟ್ಟತೈತಿ, ಧಾರವಾಡ ಜಿಲ್ಲಾ ದಾಟತೈತಿ, ಗದಗ ಜಿಲ್ಲಾದಾಗ ಮಲಪ್ರಭಾ ಸೇರತೈತಿ. ಹುಬ್ಬಳ್ಳಿ ಮಂದಿ ಉಣಕಲ್ ನಾಲಾಕ್ಕ ಏನು ಬಿಡತಾರ, ಅದೆಲ್ಲಾ ಈ ಹಳ್ಳಕ್ಕ ಬರತೈತಿ. ಕೆಳಗ ಯಮನೂರು ಉರುಸಿನಾಗ ಚರ್ಮರೋಗ ಹೋಗತೈತಿ ಅಂತ ನಂಬಿ ಅದ ನೀರಾಗ ಜಳಕ ಮಾಡತಾರ. 2019ರ ಆಗಸ್ಟ್‌ನಾಗ ಅದ ಹಳ್ಳ ಉಕ್ಕಿ ನವಲಗುಂದ ಕಡೆ ಏನೇನು ಮಾಡ್ತು ನಿಮಗ ನೆನಪೈತಿ. ಹಳ್ಳಕ್ಕ ಜಿಲ್ಲಾ ಗಡಿ ಗೊತ್ತಿಲ್ಲರಿ, ಫೈಲಿಗೆ ಮಾತ್ರ ಗೊತ್ತು.

ಈಗ ಅಮೆರಿಕಾಕ್ಕ ಬರ್ರಿ. ಮೆಕ್ಸಿಕೋದಾಗ ಟಿಹ್ವಾನಾ ಅಂತ ದೊಡ್ಡ ಊರು, ಅದೇ ಹೆಸರಿನ ಹೊಳಿ, ಹೊಳಿಗೆ ನೀರು ಹರದು ಬರೂ ಸೀಮಿ ಮುಕ್ಕಾಲು ಪಾಲು ಮೆಕ್ಸಿಕೋದಾಗ, ಆದ್ರ ಹೊಳಿ ಉತ್ತರಕ್ಕ ಹರದು ಅಮೆರಿಕಾದ ಇಂಪೀರಿಯಲ್ ಬೀಚ್ ಹತ್ರ ಸಮುದ್ರ ಸೇರತೈತಿ. ಅವರ ಗಟಾರ, ಇವರ ದಂಡಿ. ಅದಕ್ಕ ಅಮೆರಿಕಾದವರು ತಮ್ಮ ನೆಲದಾಗ ಮೆಕ್ಸಿಕೋದ ಕೊಳಚಿ ತೊಳಿಯಾಕ ಒಂದು ಪ್ಲಾಂಟ್ ಕಟ್ಟಿದ್ರು, ದಿನಕ್ಕ ಎರಡೂವರೆ ಕೋಟಿ ಗ್ಯಾಲನ್, ನಮ್ಮ ಲೆಕ್ಕದಾಗ ಸುಮಾರು 9.5 ಕೋಟಿ ಲೀಟರ್. 1990ರ ದಶಕದಾಗ ಎತ್ತು ಬಂತು. ಮೇವು? ರಿಪೇರಿ ಮುಂದ ಹಾಕ್ಕೋತ ಹೋದ್ರು, ಊರು ಬೆಳೀತು, ಮಶಿನ್ ಸವದವು, 2023ರಾಗ ಹಿಲರಿ ಚಂಡಮಾರುತದ ಮಳಿ ಬಂದು ಪಂಪು ಕೆಡಿಸಿ ಹೋತು. ಮಳಿ ಬಂದ್ರ ಹೊಳಿಯಾಗ ಉಸುಕು, ಪ್ಲಾಸ್ಟಿಕ್, ಟೈರು ಎಲ್ಲಾ ಬರತಾವ, ಪಂಪು ನುಂಗಬಾರದು ಅಂತ ಗಡಿಯಾಗಿನ ಪಂಪನ್ನ ಬಂದ್ ಇಡತಾರ, ಆಗ ಹೊಲಸು ನೀರು ಸೀದಾ ಅಮೆರಿಕಾದ ಕಡೆ. ಅದಕ್ಕ ಮಹಾಪೂರ ಬ್ಯಾರೆ ಡಿಪಾರ್ಟ್‌ಮೆಂಟು, ಗಟಾರ ಬ್ಯಾರೆ ಡಿಪಾರ್ಟ್‌ಮೆಂಟು ಅನ್ನಾವ್ರನ್ನ ಕಂಡ್ರ ನನಗ ಸಿಟ್ಟು ಬರತೈತಿ, ಇರ್ಲಿ. ಅಲ್ಲಿ ಬೀಚ್ 1000 ದಿನಕ್ಕಿಂತ ಹೆಚ್ಚು ಬಂದ್ ಇತ್ತು.

ಮಂದಿ ಊರಿಗೆ ನಮ್ಮ ರೊಕ್ಕ ಯಾಕ ಅಂತ ಕೇಳತೀರಿ. ನಮ್ಮಪ್ಪನ ಕತಿ ಹೇಳತೀನಿ.

ನಮ್ಮದು ಎರಿ ಹೊಲ. ಮ್ಯಾಲಿನ ಹೊಲ ಒಬ್ಬ ಕಾಕಾಂದು, ರಕ್ತಸಂಬಂಧ ಇಲ್ಲ, ಊರಾಗಿನ ಕಾಕಾ. ಅವನ ಒಡ್ಡು ಪ್ರತಿ ದೊಡ್ಡ ಮಳಿಗೆ ಒಡದು ನೀರು ನಮ್ಮ ಹೊಲಕ್ಕ ನುಗ್ಗೂದು, ಬಿತ್ತಿದ ಹೆಸರು ಮಣ್ಣಿನ ಜೋಡಿ ಕೊಚ್ಚಿ ಹೋಗೂದು. ಎರಡು ವರ್ಷ ಜಗಳ ಆತು, ಪಂಚರು ಕುಂತ್ರು ಎದ್ರು, ಚಹಾ ಖರ್ಚಾತು. ಮೂರನೇ ವರ್ಷ ಅಪ್ಪ ನಮ್ಮ ಹೊಲಕ್ಕ ಕಲ್ಲು ಹಾಕೂದು ಬಿಟ್ಟು ಕಾಕಾನ ಒಡ್ಡಿಗೆ ರೊಕ್ಕ ಕೊಟ್ಟ. ಊರ ಮಂದಿ ನಕ್ಕರು, ನಮ್ಮವ್ವ ಎರಡು ದಿನ ಮಾತಾಡಲಿಲ್ಲ. ಕಲ್ಲಿನ ಕೋಡಿ ಇಟ್ಟು ಒಡ್ಡು ಗಟ್ಟಿ ಆತು, ಆ ವರ್ಷ ಬೆಳಿ ಉಳೀತು, ನಕ್ಕವರು ಸುಮ್ಮಾದ್ರು. ಕತಿ ಮುಗೀತು ಅಂದ್ಕೊಂಡ್ರೇನು? ಇಲ್ಲರಿ. ಮುಂದಿನ ವರ್ಷ ಹೆಗ್ಗಣ ತೂತು ಹಾಕಿತ್ತು. ಒಂದು ಬುಟ್ಟಿ ಮಣ್ಣಿನ ಕೆಲಸ. ಕಾಕಾ ಅಂದ್ಕೊಂಡ, ರೊಕ್ಕ ಹಾಕಿದಾಂವ ನೋಡ್ತಾನ ಬಿಡು. ಅಪ್ಪ ಅಂದ್ಕೊಂಡ, ಹೊಲ ಅವಂದು, ಅಂವ ನೋಡ್ತಾನ. ಒಂದ ರಾತ್ರಿ ಮಳಿಗೆ ಕೋಡಿ ಕಲ್ಲು ಸೈತ ನಮ್ಮ ಹೊಲದಾಗ ಬಂದು ಬಿದ್ದಿದ್ವು! ಆಮ್ಯಾಲೆ ಇಬ್ರೂ ಕುಂತು ಮಾತಾಡ್ಕೊಂಡ್ರು, ಕಾರಹುಣ್ಣಿವಿಗಿಂತ ಮೊದಲ ಎರಡೂ ಮನಿಯವರು ಒಂದು ದಿನ ಸಲಿಕಿ ಹಿಡದು ಒಡ್ಡಿನ ಮ್ಯಾಲೆ ಹೋಗೂದು, ರೊಟ್ಟಿ ಬುತ್ತಿ ನಮ್ಮದು, ಮಜ್ಜಿಗಿ ಅವರದು. ನಾ ಆ ಮಜ್ಜಿಗಿ ಆಸೆಗೇ ಹೋಗ್ತಿದ್ದೆ.

ಟಿಹ್ವಾನಾದಾಗ ಆಗಿದ್ದು ಈ ಹೆಗ್ಗಣದ ತೂತ ರೀ. 2022ರ ಒಪ್ಪಂದದಾಗ ಅಮೆರಿಕಾ 33 ಕೋಟಿ ಡಾಲರ್, ಮೆಕ್ಸಿಕೋ 14 ಕೋಟಿ 40 ಲಕ್ಷ ಡಾಲರ್ ಅಂತ ಪಾಲು ಹಚ್ಚಿದ್ರು, ಪಾಲು ಚಲೋನ ಆತು, ಮಂದಿ ಕೇಳೂದು ಬರೇ ಈ ದೊಡ್ಡ ಅಂಕಿ. 2025ರಾಗ ಪ್ಲಾಂಟ್ ದಿನಕ್ಕ ಸುಮಾರು 13 ಕೋಟಿ ಲೀಟರ್‌ಗೆ ಹಿಗ್ಗಿತು, 19 ಕೋಟಿಗೆ ಒಯ್ಯಬೇಕಂತ ಐತಿ. ನಾ ಮಾತ್ರ ಒಪ್ಪಂದದ ಕಾಗದದಾಗ ಕರೆಂಟ್ ಬಿಲ್, ಪಂಪಿನ ಬೇರಿಂಗ್, ಹೂಳು ತಗಿಯೂ ಕೂಲಿ ಎಲ್ಲೈತಿ ಅಂತ ಹುಡಕಾಂವ. ಜುಲೈ 2025ರ ಕರಾರಿನಾಗ ನಿರ್ವಹಣೆ ಖರ್ಚಿನ ಮಾತೂ ಬಂದೈತಿ, ತಡ ಆದ್ರೂ ಬಂತಲ್ಲ.

ಗಾಜಿನ ಆಚಿಂದ ಕೈ ಮಾಡಾಕತ್ತಾರ, ಜಲ್ದಿ ಹೇಳತೀನಿ. ಯುರೋಪಿನ ರೈನ್ ಹೊಳಿಗೆ ಫ್ರಾನ್ಸ್ ಗಣಿಯ ಉಪ್ಪು ಬೀಳ್ತಿತ್ತು, 1976ರ ಒಪ್ಪಂದದಾಗ ಅದನ್ನ ಕಡಿಮಿ ಮಾಡೂ ಖರ್ಚಿನ ಪಾಲು ಫ್ರಾನ್ಸ್ ಜರ್ಮನಿ ತಲಾ 30, ಸ್ವಿಟ್ಜರ್ಲೆಂಡ್ 6, ಎಲ್ಲಾರಿಗಿಂತ ಕೆಳಗಿರೂ ನೆದರ್ಲೆಂಡ್ಸ್ 34 ಪರ್ಸೆಂಟು. ಕೆಳಗಿನಾಂವ ಹೆಚ್ಚು ಕೊಟ್ಟ, ನಮ್ಮಪ್ಪನಂಗ. ನಮ್ಮ ಬೆಣ್ಣಿಹಳ್ಳಕ್ಕೂ ಮೂರು ಜಿಲ್ಲಾದವರು ಒಂದ ಟೇಬಲ್‌ಗೆ ಕುಂತು ಮೊದಲ ಮೇವಿನ ಲೆಕ್ಕ ಬರದು ಆಮ್ಯಾಲೆ ಎತ್ತಿನ ಟೆಂಡರ್ ಕರೀಲಿ. ಒಡ್ಡು, ಕಾಲುವಿ, ಹೂಳಿನ ಬಗ್ಗೆ ಇನ್ನಾ ಹೇಳೂದಿತ್ತು, ಕೆಂಪು ಲೈಟ್ ಮಿಣಕಾಕತ್ತೈತಿ. ಬರತೀನ್ರಿ, ನಮಸ್ಕಾರ.