ಖಾತಾ ಇಲ್ಲದ ಲೋಡ್ ಬ್ಯಾಲೆನ್ಸರ್

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಬಸವನಗುಡಿಗೆ ಬಂದು, ದೋಸೆ ಬಿಟ್ಟು ಟೆರಾಫಾರ್ಮ್ ಕೇಳಲು ಕೂತಿದ್ದೀರಿ. ನಿಮ್ಮದು ದೊಡ್ಡ ಮನಸ್ಸು. ಹೊಸಬರಿಗೆ ಒಂದು ಮಾತು: ಟೆರಾಫಾರ್ಮ್ ಅಂದರೆ, ಕ್ಲೌಡ್‌ನಲ್ಲಿ ಏನೇನು ಇರಬೇಕು ಅಂತ ಫೈಲಿನಲ್ಲಿ ಬರೆದುಕೊಟ್ಟರೆ ಅದನ್ನು ಕಟ್ಟಿಕೊಡುವ ಸಾಧನ.

ಮೊದಲೇ ಒಂದು ಒಪ್ಪಿಕೊಂಡುಬಿಡುತ್ತೇನೆ. ಇವತ್ತು ನಾನು ತೋರಿಸುವ ಆಪ್‌ಗೆ ಕುಬರ್ನೆಟೀಸ್ ಬೇಕೇ ಇರಲಿಲ್ಲ. ಹಲವು ಸರ್ವರ್ ಸೇರಿಸಿ ಅವುಗಳ ಮೇಲೆ ಆಪ್ ಓಡಿಸುವ ವ್ಯವಸ್ಥೆ ಅದು. ಆ ಗುಂಪಿಗೆ ಕ್ಲಸ್ಟರ್ ಅಂತಾರೆ, ಒಂದೊಂದು ಸರ್ವರಿಗೆ ನೋಡ್ ಅಂತಾರೆ. ನಮ್ಮ ಅಪಾರ್ಟ್‌ಮೆಂಟಿಗೆ ಬರುವ ಟ್ಯಾಂಕರ್ ನೀರಿನ ಲೆಕ್ಕ ಇಡುವ ಪುಟ್ಟ ಆಪ್ ನನ್ನದು. ಗೇಟಿನಲ್ಲಿ ಸೆಕ್ಯೂರಿಟಿಯವರು ಗಾಡಿ ನಂಬರ್ ಹಾಕುತ್ತಾರೆ, ತಿಂಗಳ ಕೊನೆಗೆ ಸೆಕ್ರೆಟರಿ ಬಿಲ್ ತಾಳೆ ನೋಡುತ್ತಾರೆ. ಒಂದೇ ಒಂದು ಚಿಕ್ಕ ಸರ್ವರ್, ಅದರ ಮೇಲೆ ಆಪ್ ಓಡಿಸಲು ಡಾಕರ್ ಕಂಪೋಸ್ ಅನ್ನುವ ಸರಳ ಸಾಧನ ಸಾಕಿತ್ತು. ಆದರೆ ಆಫೀಸಿನಲ್ಲಿ ದಿನಾ ಬೇರೆಯವರು ಕಟ್ಟಿದ ಕ್ಲಸ್ಟರ್ ಮೇಲೆ ಕೆಲಸ ಮಾಡಿ ಮಾಡಿ, ಒಂದನ್ನಾದರೂ ಬುಡದಿಂದ ನಾನೇ ಕಟ್ಟಬೇಕು ಅನ್ನಿಸಿತು. ಅದೊಂದು ಚಪಲ, ಅಷ್ಟೇ.

ಎಲ್ಲಿ ಕಟ್ಟುವುದು? ಅಮೆಜಾನ್‌ನ ಕ್ಲೌಡ್ ಮುಂಬೈಗೆ ಬಂದದ್ದು 2016ರಲ್ಲಿ, ಹೈದರಾಬಾದಿಗೆ 2022ರಲ್ಲಿ. ಇನ್ನೊಂದು ಕ್ಲೌಡ್ ಕಂಪನಿ ಡಿಜಿಟಲ್ ಓಷನ್‌ನವರು 2016ರಿಂದ ಬೆಂಗಳೂರಿನಲ್ಲೇ ಇದ್ದಾರೆ. ಗೇಟಿನಲ್ಲಿ ಒತ್ತಿದ ಬಟನ್ ಊರು ಬಿಟ್ಟು ಹೋಗುವುದಿಲ್ಲ ಅನ್ನುವ ಖುಷಿ ಒಂದು ಕಡೆ. ನಿಜವಾದ ಕಾರಣ ದುಡ್ಡು. ಅಮೆಜಾನ್‌ನಲ್ಲಿ ಕ್ಲಸ್ಟರನ್ನು ನಡೆಸುವ ಮೆದುಳು, ಅಂದರೆ ಕಂಟ್ರೋಲ್ ಪ್ಲೇನಿಗೇ ಗಂಟೆಗೆ 10 ಸೆಂಟ್. ಒಂದೂ ನೋಡ್ ಹಾಕುವ ಮೊದಲೇ ತಿಂಗಳಿಗೆ ಸುಮಾರು 73 ಡಾಲರ್ ಆಯಿತು. ಡಿಜಿಟಲ್ ಓಷನ್‌ನಲ್ಲಿ ಸಾದಾ ಕಂಟ್ರೋಲ್ ಪ್ಲೇನಿಗೆ ಬಿಲ್ ಇಲ್ಲ. ನಾನು ಹಾಕಿದಾಗ 2 ಜಿಬಿ ಮೆಮೊರಿಯ ನೋಡ್ ಒಂದಕ್ಕೆ ತಿಂಗಳಿಗೆ 12 ಡಾಲರ್, ಹೊರಗಿನಿಂದ ಬರುವ ಕೋರಿಕೆಗಳನ್ನು ನೋಡ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರಿಗೆ 12. ಎರಡು ನೋಡ್, ಒಂದು ಲೋಡ್ ಬ್ಯಾಲೆನ್ಸರ್ ಸೇರಿ 36 ಡಾಲರ್, ಮೇಲೆ ಜಿಎಸ್‌ಟಿ. 2 ಜಿಬಿ ಅಂದರೂ ಅಷ್ಟೂ ನಮ್ಮ ಕೈಗೆ ಸಿಗುವುದಿಲ್ಲ ಅನ್ನುವುದು ನೆನಪಿರಲಿ. ಕುಬರ್ನೆಟೀಸ್ ತನ್ನ ಸ್ವಂತ ಸಂಸಾರಕ್ಕೇ ಒಂದಷ್ಟು ಮೆಮೊರಿ ತೆಗೆದಿಟ್ಟುಕೊಳ್ಳುತ್ತದೆ.

ಎರಡೇ ನೋಡ್ ಯಾಕೆ ಅಂತ ಕೇಳುತ್ತೀರಿ. ಕಂಟ್ರೋಲ್ ಪ್ಲೇನ್ ಅವರೇ ನೋಡಿಕೊಳ್ಳುವಾಗ ಎರಡು ಸಾಕು. ಅಪ್‌ಗ್ರೇಡ್ ವೇಳೆ ಒಂದು ಮಲಗಿದರೆ ಇನ್ನೊಂದು ಕೆಲಸ ಮಾಡುತ್ತದೆ. ಕಂಟ್ರೋಲ್ ಪ್ಲೇನನ್ನೂ ನೀವೇ ನಡೆಸುವುದಾದರೆ ಎರಡು ಅನ್ನುವುದು ದಡ್ಡ ಲೆಕ್ಕ. ಕ್ಲಸ್ಟರಿನ ನೆನಪೆಲ್ಲ ಇರುವ ಎಟ್ಸಿಡಿಗೆ ಬಹುಮತ ಬೇಕು. ಎರಡರಲ್ಲಿ ಬಹುಮತ ಅಂದರೆ ಎರಡೂ ಇರಬೇಕು. ಒಂದು ಹೋದರೆ ಸಭೆ ಬರ್ಖಾಸ್ತು. ಅದಕ್ಕೇ ಅಲ್ಲಿ ಮೂರು.

ಈಗ ಕೋಡಿಗೆ ಬರೋಣ. ಪರದೆ ಮೇಲೆ ಇರುವುದು ನಲವತ್ತು ಸಾಲು ಕೂಡ ಇಲ್ಲ. ಯಾವ ಕ್ಲೌಡ್, ಯಾವ ಊರು, ಒಂದು ಖಾಸಗಿ ನೆಟ್‌ವರ್ಕ್, ಒಂದು ಕ್ಲಸ್ಟರ್, ಅದರಲ್ಲಿ ಎರಡು ನೋಡ್. ಇಲ್ಲಿ ‘ಮಾಡು’ ಅನ್ನುವ ಮಾತೇ ಇಲ್ಲ, ಗಮನಿಸಿ. ‘ಇರಬೇಕು’ ಅಂತ ಮಾತ್ರ ಇದೆ. ಮೊದಲು ನಾನು ಇದನ್ನೇ, ಒಂದಾದ ಮೇಲೊಂದು ‘ಮಾಡು’ ಅನ್ನುವ ಶೆಲ್ ಸ್ಕ್ರಿಪ್ಟ್‌ನಲ್ಲಿ ಬರೆದಿದ್ದೆ. ನೆಟ್ ಕೈ ಕೊಟ್ಟಿತು ಅಂತ ಎರಡನೇ ಸಲ ಓಡಿಸಿದೆ. ಎರಡು ಮಷೀನ್ ಬೇಕಿದ್ದ ಕಡೆ ನಾಲ್ಕು ನಿಂತಿದ್ದವು. ಈ ಫೈಲನ್ನು ಹತ್ತು ಸಲ ಓಡಿಸಿ, ಎರಡೇ ಇರುತ್ತವೆ.

ಹೇಗೆ? ಸ್ಟೇಟ್ ಫೈಲ್ ಇದೆಯಲ್ಲ, ಅದರಿಂದ. ನನ್ನ ಇವತ್ತಿನ ಮಾತು ಇದರ ಬಗ್ಗೆಯೇ. ಎಲ್ಲರೂ ಕೋಡ್ ತೋರಿಸುತ್ತಾರೆ, ಇದನ್ನು ಸುಮ್ನೆ ದಾಟಿ ಹೋಗುತ್ತಾರೆ.

ಬೆಂಗಳೂರಿನಲ್ಲಿ ಸೈಟ್ ತೆಗೆದುಕೊಂಡವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಮನೆ ಕಣ್ಣೆದುರೇ ನಿಂತಿರುತ್ತದೆ, ಖಾತಾ ಆಗಿರುವುದಿಲ್ಲ. ಸ್ಟೇಟ್ ಫೈಲ್ ಅಂದರೆ ಟೆರಾಫಾರ್ಮಿನ ಖಾತಾ ರಿಜಿಸ್ಟರ್. ಅದರಲ್ಲಿ ದಾಖಲಾದದ್ದು ಮಾತ್ರ ಅದರ ಪಾಲಿಗೆ ತನ್ನದು. ನೀವು ವೆಬ್‌ಸೈಟಿಗೆ ಹೋಗಿ ಕೈಯಲ್ಲೇ ಒಂದು ಮಷೀನ್ ಹಾಕಿದಿರೋ, ಅದು ಖಾತಾ ಇಲ್ಲದ ಮನೆ. ಟೆರಾಫಾರ್ಮ್ ಅದನ್ನು ಕಟ್ಟಿಲ್ಲ, ಕೆಡವುವುದೂ ಇಲ್ಲ. ಆಮೇಲೆ ಖಾತಾ ಮಾಡಿಸಿಕೊಳ್ಳಲು ಇಂಪೋರ್ಟ್ ಅಂತ ಒಂದು ದಾರಿ ಇದೆ. ಲಂಚ ಕೇಳುವುದಿಲ್ಲ, ಆದರೆ ಕೋಡ್ ಸರಿಹೊಂದಿಸುವಷ್ಟರಲ್ಲಿ ಸಂಜೆ ಆಗಿರುತ್ತದೆ.

ನನಗೆ ಪೆಟ್ಟು ಬಿದ್ದದ್ದು ಇಲ್ಲೇ. ಬೇರೆ ಒಂದು ಕ್ಲೌಡ್‌ನಲ್ಲಿ ಪ್ರಯೋಗಕ್ಕೆ ಕ್ಲಸ್ಟರ್ ಕಟ್ಟಿದ್ದೆ, ಹೆಸರು ಬೇಡ, ತಪ್ಪು ನನ್ನದೇ. ಆಟ ಮುಗಿಯಿತು, ಟೆರಾಫಾರ್ಮ್ ಕಟ್ಟಿದ್ದನ್ನೆಲ್ಲ ಅಳಿಸುವ ಡೆಸ್ಟ್ರಾಯ್ ಕೊಟ್ಟೆ. ಎಲ್ಲ ಅಳಿಸಿದೆ ಅಂತ ಹಸಿರು ಅಕ್ಷರದಲ್ಲಿ ಬಂತು. ನೆಮ್ಮದಿಯಾಗಿ ಊರಿಗೆ ಹೋದೆ. ಮುಂದಿನ ತಿಂಗಳು ಕಾರ್ಡಿಗೆ ಬಿಲ್ ಬಂತು, ಅದರ ಮುಂದಿನ ತಿಂಗಳೂ ಬಂತು. ನನ್ನ ಹೆಂಡತಿ ಸ್ಟೇಟ್‌ಮೆಂಟ್ ಹಿಡಿದು ‘ಇದೇನ್ರೀ, ಆ ಆಟ ಮುಗೀತು ಅಂದಿದ್ರಲ್ಲ?’ ಅಂದಳು. ಹೋಗಿ ನೋಡಿದರೆ ಒಂದು ಲೋಡ್ ಬ್ಯಾಲೆನ್ಸರ್ ಮತ್ತು ಎರಡು ಡಿಸ್ಕ್. ಹಿಂದೆ ಒಂದು ನೋಡೂ ಇಲ್ಲ. ಯಾರೂ ಇಲ್ಲದ ಮನೆಗೆ ವಾಚ್‌ಮನ್ ಕೂತ ಹಾಗೆ ಕೂತಿತ್ತು.

ಅದನ್ನು ಕಟ್ಟಿದ್ದು ಯಾರು? ಟೆರಾಫಾರ್ಮ್ ಅಲ್ಲ. ಕುಬರ್ನೆಟೀಸ್‌ನಲ್ಲಿ ಲೋಡ್ ಬ್ಯಾಲೆನ್ಸರ್ ಜಾತಿಯ ಸರ್ವಿಸ್ ಒಂದನ್ನು ಬರೆದರೆ, ಕ್ಲಸ್ಟರ್ ತಾನೇ ಕ್ಲೌಡಿಗೆ ಹೇಳಿ ತರಿಸಿಕೊಳ್ಳುತ್ತದೆ. ಡಿಸ್ಕ್ ಕೇಳಿದರೂ ಹಾಗೇ. ಟೆರಾಫಾರ್ಮಿನ ರಿಜಿಸ್ಟರಿಗೆ ಆ ಸುದ್ದಿ ಹೋಗುವುದೇ ಇಲ್ಲ. ಕ್ಲಸ್ಟರ್ ಸತ್ತ ಮೇಲೆ ಅದನ್ನು ತೆಗೆಯಬೇಕಾದವರೂ ಹೋದರು. ಹಾಗಾಗಿ ಈಗ ನಾನು ಮೊದಲು ಒಳಗಿನ ಸರ್ವಿಸ್, ಡಿಸ್ಕ್ ಅಳಿಸುತ್ತೇನೆ, ಒಂದು ನಿಮಿಷ ಕಾಯುತ್ತೇನೆ, ಆಮೇಲೆ ಡೆಸ್ಟ್ರಾಯ್. ಅದಾದ ಮೇಲೂ ಬಿಲ್ಲಿಂಗ್ ಪುಟ ತೆರೆದು ಕಣ್ಣಾರೆ ನೋಡುತ್ತೇನೆ.

ಸ್ಟೇಟ್ ಫೈಲನ್ನು, ಕೋಡ್ ಹಂಚಿಕೊಳ್ಳುವ ಗಿಟ್‌ಗೆ ಹಾಕಬೇಡಿ. ತೆರೆದು ನೋಡಿ, ಬರೀ ಜೇಸನ್ ಅನ್ನುವ ಸಾದಾ ಪಠ್ಯ. ಕ್ಲಸ್ಟರಿನ ಕೀಲಿ, ಪಾಸ್‌ವರ್ಡ್ ಎಲ್ಲ ಓದುವ ಹಾಗೇ ಬಿದ್ದಿರುತ್ತದೆ. ಲ್ಯಾಪ್‌ಟಾಪಿನಲ್ಲೂ ಬೇಡ. ಲ್ಯಾಪ್‌ಟಾಪ್ ಹೋದರೆ ಇಡೀ ಊರಿಗೇ ಖಾತಾ ಇಲ್ಲ. ಕ್ಲೌಡ್‌ನಲ್ಲಿ ಫೈಲ್ ಇಡುವ, ಹಳೆಯ ಪ್ರತಿ ಉಳಿಸಿಕೊಳ್ಳುವ ಬಕೆಟ್‌ನಲ್ಲಿಡಿ, ಬೀಗ ಹಾಕಿ. ಇಬ್ಬರು ಒಟ್ಟಿಗೆ, ಫೈಲಿನಲ್ಲಿದ್ದದ್ದನ್ನು ಜಾರಿ ಮಾಡುವ ಅಪ್ಲೈ ಕೊಟ್ಟರೆ ಒಬ್ಬರು ಬಾಗಿಲಲ್ಲಿ ನಿಲ್ಲಲಿ. ಅಮೆಜಾನ್‌ನ ಬಕೆಟ್ ಸೇವೆ ಎಸ್3ಯಲ್ಲಿ ಈ ಬೀಗಕ್ಕೆ ಮೊದಲು ಅವರದೇ ಡೇಟಾಬೇಸ್ ಡೈನಮೋಡಿಬಿಯಲ್ಲಿ ಟೇಬಲ್ ಒಂದು ಬೇಕಿತ್ತು, ಟೆರಾಫಾರ್ಮಿನ ಹೊಸ ಆವೃತ್ತಿಗಳಲ್ಲಿ ಬೇಡ.

ಯಾರೋ ಓಪನ್‌ಟೋಫು ಬಗ್ಗೆ ಕೇಳಿದಿರಿ. 2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್ ಲೈಸೆನ್ಸ್ ಬದಲಾಯಿತು, ಅದರಿಂದ ಕವಲೊಡೆದದ್ದು ಇದು. ಈಗ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿದೆ. ಇವತ್ತಿನ ಈ ಫೈಲಿಗೆ ಎರಡೂ ನಡೆಯುತ್ತದೆ.

ಕೊನೆಗೆ ಪ್ಲಾನ್, ಅಂದರೆ ಏನೇನು ಬದಲಾಗಲಿದೆ ಅಂತ ಟೆರಾಫಾರ್ಮ್ ಮೊದಲೇ ತೋರಿಸುವ ಪಟ್ಟಿ. ಪರದೆ ನೋಡಿ. ಕೂಡುವ ಗುರುತು ಇದ್ದರೆ ಹೊಸದು ಬರುತ್ತದೆ, ಅಲೆಯ ಗುರುತು ಇದ್ದರೆ ಇದ್ದದ್ದರಲ್ಲೇ ಬದಲಾವಣೆ. ಕಳೆಯುವುದು ಮತ್ತು ಕೂಡುವುದು ಅಕ್ಕಪಕ್ಕ ಬಂದರೆ ಕೈ ಕೀಬೋರ್ಡಿನಿಂದ ತೆಗೆಯಿರಿ. ಹಳೆಯದನ್ನು ಕೆಡವಿ ಹೊಸದು ಕಟ್ಟುತ್ತೇನೆ ಅಂತ ಅದರ ಅರ್ಥ. ಈಗ ನಾನು ಬೇಕಂತಲೇ ಊರಿನ ಹೆಸರನ್ನು ಬೆಂಗಳೂರಿನಿಂದ ಸಿಂಗಾಪುರಕ್ಕೆ ಬದಲಿಸಿ ಪ್ಲಾನ್ ಓಡಿಸಿದ್ದೇನೆ. ಒಂದೇ ಪದ ಬದಲಾಗಿದೆ. ‘ಫೋರ್ಸಸ್ ರಿಪ್ಲೇಸ್‌ಮೆಂಟ್’ ಅಂತ ಕೆಂಪಗೆ ಕಾಣುತ್ತಿದೆ ಅಲ್ವಾ? ಮನೆಯನ್ನು ಎತ್ತಿಕೊಂಡು ಹೋಗಲಾಗುವುದಿಲ್ಲ, ಇಡೀ ಕ್ಲಸ್ಟರ್ ಬೀಳುತ್ತದೆ. ಟ್ಯಾಂಕರ್ ಲೆಕ್ಕವೂ ಅದರ ಜೊತೆಗೇ. ಈ ಸಾಲು ನೂರು ಸಾಲಿನ ಮಧ್ಯೆ ಇರುತ್ತದೆ, ಶುಕ್ರವಾರ ಸಂಜೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಸರಿ, ಹೆಸರನ್ನು ಮತ್ತೆ ಬೆಂಗಳೂರು ಮಾಡಿದೆ. ಈಗ ಬೇರೆ ಖಾಲಿ ಅಕೌಂಟ್‌ನಲ್ಲಿ ಹೊಸ ಕ್ಲಸ್ಟರ್ ಎಬ್ಬಿಸೋಣ. ಮುಂದಿನ ಸಾಲಿನ ಅಕ್ಕ, ಕೊನೆಯ ಸಾಲನ್ನು ಜೋರಾಗಿ ಓದುತ್ತೀರಾ? ಎರಡು ಸೇರುತ್ತವೆ, ಬದಲಾಗುವುದು ಸೊನ್ನೆ, ಅಳಿಯುವುದು ಸೊನ್ನೆ. ಹಾಂ, ‘ಯೆಸ್’ ಒತ್ತಿದೆ. ಇದಕ್ಕೆ ಕೆಲವು ನಿಮಿಷ ಬೇಕು. ಕೆಳಗೆ ಕಾಫಿ ಇಟ್ಟಿದ್ದಾರೆ, ಕುಡಿದು ಬನ್ನಿ. ಡೆಸ್ಟ್ರಾಯ್ ಮಾಡುವಾಗ ಎಲ್ಲರೂ ಇರಲೇಬೇಕು, ಕಾರ್ಡ್ ನನ್ನದು.