ಪಿಸಿಓಎಸ್: ಗರ್ಭನಿರೋಧಕ ಮಾತ್ರೆಯೋ, ಮೆಟ್‌ಫಾರ್ಮಿನ್ನೋ?

ನಮಸ್ಕಾರ. ಪಿಸಿಓಎಸ್ (ಅಂಡಾಶಯದ ಹಾರ್ಮೋನುಗಳು ಏರುಪೇರಾಗುವ ತೊಂದರೆ) ಇರುವ ಮಗಳಿಗೆ ಮದುವೆಗೆ ಮುಂಚೆಯೇ ವೈದ್ಯರು ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟರೆ ಎಷ್ಟೋ ತಾಯಂದಿರು ಗಾಬರಿಯಾಗುತ್ತಾರೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಬರೆದರೆ ಅಷ್ಟು ಅಂಜುವುದಿಲ್ಲ. ಮುಖದ ಮೇಲಿನ ಕೂದಲು, ಮೊಡವೆ, ತಪ್ಪುವ ಮುಟ್ಟು ಇವಕ್ಕೆ ಎರಡರಲ್ಲಿ ಯಾವುದು ಹೆಚ್ಚು ಸೂಕ್ತ ಎಂಬುದೇ ಇಂದಿನ ಪ್ರಶ್ನೆ.

ಈ ತೊಂದರೆಯಲ್ಲಿ ಅಂಡಾಶಯವು ಟೆಸ್ಟೋಸ್ಟೆರಾನ್‌ನಂಥ ಗಂಡು ಹಾರ್ಮೋನುಗಳನ್ನು ಅತಿಯಾಗಿ ತಯಾರಿಸುತ್ತದೆ ಎಂಬುದನ್ನು ನೀವು ಕೇಳಿಯೇ ಇರುತ್ತೀರಿ. ಆದರೆ ರಕ್ತದಲ್ಲಿ ಅದು ಒಟ್ಟು ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಬಿಡಿಯಾಗಿ ಓಡಾಡುತ್ತಿದೆ ಎನ್ನುವುದು ಮುಖ್ಯ. ಲಿವರ್ ತಯಾರಿಸುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನು ಗೂಟವಿದ್ದಂತೆ. ಗೂಟಕ್ಕೆ ಕಟ್ಟಿದ ಹೋರಿಯಿಂದ ತೊಂದರೆಯಿಲ್ಲ, ಹಗ್ಗವಿಲ್ಲದ ಹೋರಿ ಮಾತ್ರ ಬೆಳೆಗೆ ನುಗ್ಗುತ್ತದೆ. ಇನ್ಸುಲಿನ್ ಏರಿದಾಗ ಅಂಡಾಶಯ ಹೋರಿಗಳನ್ನು ಹೆಚ್ಚಿಸುತ್ತದೆ, ಅದೇ ಹೊತ್ತಿಗೆ ಲಿವರ್ ಗೂಟಗಳನ್ನು ಕಡಿಮೆ ಮಾಡುತ್ತದೆ. ಗರ್ಭನಿರೋಧಕ ಮಾತ್ರೆಯಲ್ಲಿರುವ ಈಸ್ಟ್ರೋಜೆನ್ ಲಿವರಿನಿಂದ ಹೊಸ ಗೂಟಗಳನ್ನು ನೆಡಿಸುತ್ತದೆ. ಮಾತ್ರೆಯು, ಹೋರಿಗಳನ್ನು ಹೆಚ್ಚಿಸಲು ಅಂಡಾಶಯವನ್ನು ಪ್ರಚೋದಿಸುವ ಎಲ್‌ಎಚ್ ಹಾರ್ಮೋನನ್ನೂ ತಗ್ಗಿಸುವುದರಿಂದ ಹೋರಿಗಳ ಸಂಖ್ಯೆಯೂ ಇಳಿಯುತ್ತದೆ. ಒಂದೇ ಮಾತ್ರೆ ಎರಡೂ ಕಡೆ ಕೆಲಸ ಮಾಡುವ ಈ ರೀತಿ ನನಗೆ ಬಹಳ ಸೊಗಸಾಗಿ ಕಾಣುತ್ತದೆ.

ಈ ಕಾರಣದಿಂದಲೇ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಕೂದಲು ಮತ್ತು ಮುಟ್ಟಿನ ತೊಂದರೆಗೆ ಈ ಮಾತ್ರೆಗೆ ಮೊದಲ ಸ್ಥಾನ ಕೊಟ್ಟಿದೆ. ಮೆಟ್‌ಫಾರ್ಮಿನ್ ಇನ್ಸುಲಿನ್ ಕಡೆಯಿಂದ ಹೋಗುತ್ತದೆ, ಆದ್ದರಿಂದ ತೂಕ ಮತ್ತು ಸಕ್ಕರೆಯ ಚಿಂತೆಯಿದ್ದವರಿಗೆ ಅದರ ಬೆಲೆ ಹೆಚ್ಚು. ಕೂದಲಿನ ಮೇಲೆ ಅದರ ಪರಿಣಾಮ ಅಲ್ಪ. ಗರ್ಭನಿರೋಧಕ ಮಾತ್ರೆ ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಭಯಕ್ಕೆ ಆಧಾರವಿಲ್ಲ, ಆದರೆ ರಕ್ತ ಹೆಪ್ಪುಗಟ್ಟಿದ ಇತಿಹಾಸ, ದೃಷ್ಟಿ ಮಂಜಾಗಿಸುವ ಮೈಗ್ರೇನ್, ರಕ್ತದೊತ್ತಡ, ಧೂಮಪಾನ ಇದ್ದರೆ ವೈದ್ಯರಿಗೆ ತಪ್ಪದೆ ಹೇಳಬೇಕು. ಕೂದಲು ನಿಧಾನವಾಗಿ ಬದಲಾಗುವುದರಿಂದ ಕನಿಷ್ಠ 6 ತಿಂಗಳು ಕಾಯದೆ ಔಷಧಿ ಬದಲಿಸುವುದು ಸರಿಯಲ್ಲ.

ಉಳಿದವುಗಳನ್ನು ಬೇಗ ಹೇಳುತ್ತೇನೆ. ಅಷ್ಟಾದರೂ ಫಲವಿಲ್ಲದಿದ್ದರೆ ಗಂಡು ಹಾರ್ಮೋನಿನ ಪ್ರಭಾವ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಸೇರಿಸುತ್ತಾರೆ. ಅದು ಮೂಲತಃ ರಕ್ತದೊತ್ತಡದ ಔಷಧಿ, ಗಂಡು ಭ್ರೂಣದ ಬೆಳವಣಿಗೆಗೆ ಅಡ್ಡಿಯಾಗಬಹುದಾದ್ದರಿಂದ ಗರ್ಭ ನಿಲ್ಲದಂತೆ ನೋಡಿಕೊಂಡೇ ಕೊಡಬೇಕು. ಮಗು ಬೇಕೆನ್ನುವವರ ದಾರಿ ಬೇರೆ, ಅವರಿಗೆ ಅಂಡ ಬಿಡುಗಡೆಗೆ ನೆರವಾಗುವ ಲೆಟ್ರೊಜೋಲ್ ಮೊದಲ ಆಯ್ಕೆ: 2014ರಲ್ಲಿ ಪ್ರಕಟವಾದ, 750 ಮಹಿಳೆಯರಿದ್ದ ಅಮೆರಿಕದ ಅಧ್ಯಯನದಲ್ಲಿ ಅದನ್ನು ಪಡೆದವರಲ್ಲಿ ಶೇ. 27.5ರಷ್ಟು ಮಂದಿಗೆ ಮಗುವಾಯಿತು, ಹಳೆಯ ಕ್ಲೋಮಿಫೀನ್ ಪಡೆದವರಲ್ಲಿ ಶೇ. 19.1ರಷ್ಟು ಮಂದಿಗೆ.